ಬೆನ್ನಿಗೆ ನಳಿಕೆ ಹಾಕಿಸಿಕೊಂಡ ಮೇಲೆ

ಗರ್ಭಕೊರಳಿನ ಕ್ಯಾನ್ಸರ್ ಬೆಳೆದು ಎರಡೂ ಮೂತ್ರನಾಳಗಳನ್ನು ಅಮುಕಿದರೆ ಮೂತ್ರ ಕಿಡ್ನಿಯಲ್ಲೇ ನಿಂತು, ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಶ್ಮಲ ರಕ್ತದಲ್ಲಿ ಏರುತ್ತದೆ. ಮೂತ್ರನಾಳ ತೆರೆದಿಡಲು ಒಳಗಿನಿಂದ ಹಾಕುವ ಸಣ್ಣ ಕೊಳವೆ, ಡಿಜೆ ಸ್ಟೆಂಟ್, ಹೊರಗೆ ಕಾಣದು, ಅದೇ ಅನುಕೂಲ. ಆದರೆ ಗಡ್ಡೆ ಹೊರಗಿನಿಂದ ಒತ್ತುವಾಗ ಹಲವು ಸಲ ಕೈಕೊಡುತ್ತದೆ. ಆಗ ಜಾಗ ಮರಗಟ್ಟಿಸಿ, ಸ್ಕ್ಯಾನ್ ನೋಡುತ್ತಾ ಬೆನ್ನಿನಿಂದ ಕಿಡ್ನಿಗೇ ನಳಿಕೆ ಇಳಿಸುತ್ತಾರೆ. ಇದೇ ಪಿಸಿಎನ್ (ಪರ್ಕ್ಯುಟೇನಿಯಸ್ ನೆಫ್ರಾಸ್ಟಮಿ).

ತಡೆ ಬಿಟ್ಟ ಮೊದಲ ದಿನ ಮೂತ್ರ ಧಾರಾಳವಾಗಿ ಬರಬಹುದು. ಗಂಟೆಗೆ 200 ಮಿಲಿ ದಾಟಿ ಎರಡು ಗಂಟೆ ಹಾಗೇ ಇದ್ದರೆ ನರ್ಸ್‌ಗೆ ಹೇಳಿ; ನೀರು, ಲವಣ ಸೋರಿ ಬಿಪಿ ಕುಸಿಯಬಹುದು. ಒಂದೆರಡು ದಿನ ಮೂತ್ರ ತಿಳಿಗೆಂಪಾಗಿದ್ದರೆ ಗಾಬರಿ ಬೇಡ.

ನಳಿಕೆಯಿಂದ ಮೂತ್ರ ತುಂಬುವ ಚೀಲ ಯಾವಾಗಲೂ ಕಿಡ್ನಿಗಿಂತ ಕೆಳಗಿರಲಿ. ಜಗಳೂರು, ಚನ್ನಗಿರಿ ಕಡೆಯಿಂದ ದಾವಣಗೆರೆಗೆ ಬಸ್ಸಲ್ಲಿ ಬರುವಾಗ ಸೀರೆ ಸೆರಗಿನೊಳಗೆ ಎದೆಗೆ ಅವಚಿಕೊಂಡರೆ ಮೂತ್ರ ಹಿಂದಕ್ಕೆ ಹರಿಯುತ್ತದೆ. ತೊಡೆಗೆ ಕಟ್ಟಿ. ಅರ್ಧ ತುಂಬಿದಾಗಲೇ ಚೆಲ್ಲಿ; ಭಾರಕ್ಕೆ ನಳಿಕೆ ಜಾರುತ್ತದೆ.

ಮೂತ್ರ ನಿಂತರೆ ಮೊದಲು ನಳಿಕೆ ಮಡಚಿದೆಯೇ, ಮೈಯಡಿ ಸಿಕ್ಕಿದೆಯೇ ನೋಡಿ. ಆಸ್ಪತ್ರೆಯಲ್ಲಿ ಕಲಿಸಿದ್ದರೆ ಮಾತ್ರ 5 ಮಿಲಿ ಸ್ಟೆರೈಲ್ ಸಲೈನ್ ನಳಿಕೆಯೊಳಗೆ ಮೆಲ್ಲಗೆ ಬಿಡಿ. ಮುಂದೆ ಹೋಗದಿದ್ದರೆ ಒತ್ತಬೇಡಿ. ನಳಿಕೆ ಕಳಚಿ ಬಂದರೆ ವಾಪಸ್ ತೂರಿಸಬೇಡಿ. ದಾರಿ ಬೇಗ ಮುಚ್ಚಿಕೊಳ್ಳುತ್ತದೆ, ಕೂಡಲೇ ಆಸ್ಪತ್ರೆಗೆ ಹೊರಡಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಚಳಿ ನಡುಕ ಬಂದರೆ ಬೆಳಗಾಗುವವರೆಗೆ ಕಾಯುವಂತಿಲ್ಲ.

ಬೇಸಿಗೆಯೆಂದು ಎಳನೀರು ಕೊಡುವ ಪ್ರೀತಿಗೊಂದು ತಡೆ: ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋತ ಕಿಡ್ನಿ ಅದನ್ನು ಸರಿಯಾಗಿ ಹೊರಹಾಕದು. ಕ್ರಿಯಾಟಿನಿನ್ ಇಳಿಯುವವರೆಗೆ ವೈದ್ಯರನ್ನು ಕೇಳದೆ ಬೇಡ.

ನಳಿಕೆಯನ್ನು ಸುಮಾರು ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಹಾಕಿಸುವ ಮುಂಚೆಯೇ ಕೇಳಿ: ಕಿಡ್ನಿ ಸುಧಾರಿಸಿದರೆ ಮುಂದೆ ಕೊಡಲು ಚಿಕಿತ್ಸೆ ಉಳಿದಿದೆಯೇ? ಇಲ್ಲವೆಂದರೆ, ನಳಿಕೆ ಬೇಡವೆಂದು ನೋವು ಶಮನವನ್ನಷ್ಟೇ ಆರಿಸಿಕೊಳ್ಳುವುದು ತಪ್ಪಲ್ಲ.