ನರಕ ಚತುರ್ದಶಿಯ ದಿನ ಮುಗಿಯುವ ಲೈಸೆನ್ಸು

2024ರ ನರಕ ಚತುರ್ದಶಿ ಬಂದಿದ್ದು ಅಕ್ಟೋಬರ್ 31ಕ್ಕೆ, ಗುರುವಾರ. ಬೆಳಿಗ್ಗೆ ಐದೂವರೆಗೆ ತಲೆ ತುಂಬ ಎಣ್ಣೆ ಹಚ್ಚಿಕೊಂಡಿದ್ದೆ. ನೇರ ಬಚ್ಚಲಿಗೆ ಹೋಗಬೇಕಿತ್ತು, ಹೋಗಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ, ಪೆನ್ಸಿಲ್ವೇನಿಯಾ ರಾಜ್ಯದ ಲೈಸೆನ್ಸ್ ಪುಟವನ್ನು ಐದು ನಿಮಿಷಕ್ಕೊಮ್ಮೆ ರಿಫ್ರೆಶ್ ಮಾಡುತ್ತಾ ಕೂತಿದ್ದೆ. ನಮ್ಮ ಕ್ಲಿನಿಕ್ಕಿನ ಹಿರಿಯ ಡಾಕ್ಟರ ಲೈಸೆನ್ಸ್ ಅವತ್ತು ರಾತ್ರಿಗೆ ಮುಗಿಯುತ್ತಿತ್ತು.

"ಎಣ್ಣೆ ಕಿವಿಗೆ ಇಳೀತಿದೆ ಕಣೆ, ಎದ್ದು ಸ್ನಾನ ಮಾಡು" ಎಂದು ನಮ್ಮ ಮನೆಯವರು ಎರಡು ಸಲ ಹೇಳಿ ಸುಮ್ಮನಾದರು.

ನಾನು ಡಾಕ್ಟರಲ್ಲ, ಮೊದಲೇ ಹೇಳಿಬಿಡುತ್ತೇನೆ. ಹಿರಿಯೂರಿನ ಕಡೆಯವಳು, ಓದಿದ್ದು ಬಿ.ಕಾಂ. ಈಗ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯ ಒಂದು ಚಿಕ್ಕ ಊರಿನಲ್ಲಿ ಕ್ಲಿನಿಕ್ ನೋಡಿಕೊಳ್ಳುವ ಕೆಲಸ. ಆಮಿಶ್ ಎಂಬ ಕ್ರೈಸ್ತ ಪಂಗಡದ ಜನ ಜಾಸ್ತಿ ಇರುವ ಜಾಗ ಇದು. ಅವರು ಕಾರು ಇಟ್ಟುಕೊಳ್ಳುವುದಿಲ್ಲ, ಕುದುರೆಗಾಡಿಯಲ್ಲಿ ಬರುತ್ತಾರೆ. ನಮ್ಮ ಪಾರ್ಕಿಂಗ್ ಪಕ್ಕ ಕುದುರೆ ಕಟ್ಟಲು ಒಂದು ಕಂಬಿ ಇದೆ. ಇನ್ಶೂರೆನ್ಸ್ ಗೋಜಿಗೂ ಹೋಗುವುದಿಲ್ಲ, ನೋಟು ಎಣಿಸಿ ಕೊಟ್ಟು ಹೋಗುತ್ತಾರೆ. ಬಿಲ್ಲು, ಸಂಬಳ, ರಜೆ ಜಗಳ, ಪ್ರಿಂಟರ್ ಇಂಕು ಎಲ್ಲವೂ ನನ್ನ ತಲೆಗೆ. ಜೊತೆಗೆ ಮೂವರು ಡಾಕ್ಟರ ಲೈಸೆನ್ಸ್ ತಪ್ಪಿಹೋಗದ ಹಾಗೆ ಕಾಯುವ ಕೆಲಸವೂ. ಅವರಲ್ಲಿ ಒಬ್ಬರು ಎಂ.ಡಿ., ಇಬ್ಬರು ಡಿ.ಓ.

ಈ ಡಿ.ಓ. ಅಂದರೇನು ಎಂದು ಊರಿಗೆ ಹೋದಾಗಲೆಲ್ಲ ಯಾರಾದರೂ ಕೇಳುತ್ತಾರೆ. "ಹೋಮಿಯೋಪಥಿ ತರಹಾನಾ?" ಅಲ್ಲ. "ಫಿಸಿಯೋಥೆರಪಿನಾ?" ಅದೂ ಅಲ್ಲ. ನಮ್ಮಲ್ಲಿ ಎಂ.ಬಿ.ಬಿ.ಎಸ್. ಮುಗಿದ ಮೇಲೆ ಎಂ.ಡಿ. ಮಾಡುತ್ತಾರೆ. ಅಮೆರಿಕದಲ್ಲಿ ಎಂ.ಡಿ. ಎನ್ನುವುದೇ ಡಾಕ್ಟರಾಗುವ ಮೊದಲ ಡಿಗ್ರಿ. ಅದಕ್ಕೆ ಸರಿಸಮನಾದ ಇನ್ನೊಂದು ಡಿಗ್ರಿ ಡಿ.ಓ., ಅಂದರೆ ಡಾಕ್ಟರ್ ಆಫ್ ಆಸ್ಟಿಯೋಪಥಿಕ್ ಮೆಡಿಸಿನ್. ಔಷಧಿ ಬರೆಯುತ್ತಾರೆ, ಆಪರೇಷನ್ ಮಾಡುತ್ತಾರೆ, ಐಸಿಯು ನೋಡುತ್ತಾರೆ. ಇದರ ಮೇಲೆ ಮೂಳೆ, ಕೀಲು, ಮಾಂಸಖಂಡಗಳನ್ನು ಕೈಯಿಂದ ಮುಟ್ಟಿ, ಒತ್ತಿ, ಎಳೆದು ಸರಿಪಡಿಸುವ ಒಂದು ವಿದ್ಯೆಯನ್ನೂ ಕಾಲೇಜಿನಲ್ಲಿ ಕಲಿಯುತ್ತಾರೆ, ಸುಮಾರು 200 ಗಂಟೆ. ಈಗ ಅಮೆರಿಕದಲ್ಲಿ ಡಾಕ್ಟರಿಕೆ ಓದುತ್ತಿರುವ ನಾಲ್ವರಲ್ಲಿ ಒಬ್ಬರು ಡಿ.ಓ. ಕಾಲೇಜಿನವರೇ. ನಮ್ಮ ಕನ್ನಡದವರ ಮಕ್ಕಳೂ ಬೇಕಾದಷ್ಟಿದ್ದಾರೆ.

ಉಳುಕು ಬಂದರೆ ಕಾಲು ಮುಂದಾಗಿ ಹುಟ್ಟಿದವರ ಕೈಲಿ ಬೆನ್ನಿಗೆ ಒದೆಸಿಕೊಳ್ಳುತ್ತಿದ್ದ ನಮ್ಮ ಅಜ್ಜಿಗೆ ಈ ವಿದ್ಯೆ ಇಷ್ಟವಾಗುತ್ತಿತ್ತೇನೋ.

ಸರಿ, ಲೈಸೆನ್ಸಿಗೆ ಬರೋಣ. ಇಲ್ಲಿ ಡಾಕ್ಟರಿಗೆ ಒಮ್ಮೆ ಲೈಸೆನ್ಸ್ ಸಿಕ್ಕಿತು ಅಂದರೆ ಮುಗಿಯಲಿಲ್ಲ. ಓದುತ್ತಲೇ ಇದ್ದೇನೆ ಎಂದು ತೋರಿಸುತ್ತಿರಬೇಕು. ಅದಕ್ಕೆ ಸಿ.ಎಂ.ಇ., ಅಂದರೆ ಕಂಟಿನ್ಯೂಯಿಂಗ್ ಮೆಡಿಕಲ್ ಎಜುಕೇಷನ್, ಎನ್ನುತ್ತಾರೆ. ಎಷ್ಟು ಗಂಟೆ ಎನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮಿಶಿಗನ್‌ನಲ್ಲಿ ಮೂರು ವರ್ಷಕ್ಕೆ 150. ಫ್ಲೋರಿಡಾದಲ್ಲಿ ಡಿ.ಓ.ಗಳಿಗೆ ಎರಡು ವರ್ಷಕ್ಕೆ 40. ಪಕ್ಕದ ನ್ಯೂಯಾರ್ಕ್ ಒಟ್ಟು ಇಷ್ಟು ಗಂಟೆ ಎಂಬ ಲೆಕ್ಕವನ್ನೇ ಇಟ್ಟಿಲ್ಲ, ಕೆಲವು ವಿಷಯಗಳ ತರಬೇತಿ ಮಾತ್ರ ಕಡ್ಡಾಯ. ನಮ್ಮ ಪೆನ್ಸಿಲ್ವೇನಿಯಾದಲ್ಲಿ ಎರಡು ವರ್ಷಕ್ಕೆ 100. ಡಿ.ಓ.ಗಳಿಗೆ ಇಲ್ಲಿ ಬೋರ್ಡೂ ಬೇರೆ, ಗಡುವೂ ಬೇರೆ: ಸಮಸಂಖ್ಯೆಯ ವರ್ಷಗಳ ಅಕ್ಟೋಬರ್ 31. ಎಂ.ಡಿ.ಗಳಿಗೆ ಡಿಸೆಂಬರ್ 31. ಒಂದೇ ಕ್ಲಿನಿಕ್ಕಿನಲ್ಲಿ ಅಕ್ಕಪಕ್ಕದ ಕೋಣೆಯಲ್ಲಿ ಕೂರುವವರಿಗೆ ಎರಡು ಪಂಚಾಂಗ.

ನಮ್ಮಣ್ಣ ಚಿತ್ರದುರ್ಗದಲ್ಲಿ ಡಾಕ್ಟರು. ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ನಕ್ಕುಬಿಟ್ಟ. "ನಮಗೆ ಕರ್ನಾಟಕ ಮೆಡಿಕಲ್ ಕೌನ್ಸಿಲ್ಲು ಐದು ವರ್ಷಕ್ಕೆ 30 ಕ್ರೆಡಿಟ್ ಕೇಳುತ್ತೆ ಪುಟ್ಟಿ. ಅದಕ್ಕೇ ನಮ್ಮೋರು ಗೊಣಗ್ತಾರೆ. ಎರಡು ವರ್ಷಕ್ಕೆ ನೂರು ಗಂಟೆನಾ? ಪೇಷಂಟ್ ನೋಡೋದು ಯಾವಾಗ?"

"ನೂರು ಕಷ್ಟ ಅಲ್ಲಣ್ಣ" ಎಂದೆ. "ಅದರೊಳಗಿನ ಇಪ್ಪತ್ತು ಕಷ್ಟ."

ಆ ಇಪ್ಪತ್ತರ ಕಥೆ ಹೀಗೆ. ಶಿಕಾಗೋದಲ್ಲಿರುವ ಅಮೆರಿಕನ್ ಆಸ್ಟಿಯೋಪಥಿಕ್ ಅಸೋಸಿಯೇಷನ್, ಅಂದರೆ ಎ.ಓ.ಎ., ಈ ಗಂಟೆಗಳನ್ನು ನಾಲ್ಕು ಬುಟ್ಟಿಗಳಲ್ಲಿ ಹಾಕುತ್ತದೆ: 1-ಎ, 1-ಬಿ, 2-ಎ, 2-ಬಿ. ಎ.ಓ.ಎ. ಮಾನ್ಯತೆ ಕೊಟ್ಟ ಆಸ್ಟಿಯೋಪಥಿಕ್ ಸಂಸ್ಥೆಗಳು ನಡೆಸುವ ತರಗತಿ, ಸಮಾವೇಶಗಳು 1-ಎ. ಬೇರೆ ಕಡೆಯ ಸಾಮಾನ್ಯ ವೈದ್ಯಕೀಯ ಸಮಾವೇಶಗಳು, ಎಷ್ಟೇ ದೊಡ್ಡ ಹೆಸರಿನವಾದರೂ, 2-ಎ. ನಮ್ಮ ರಾಜ್ಯದ ಡಿ.ಓ.ಗಳಿಗೆ ನೂರರಲ್ಲಿ ಕನಿಷ್ಠ 20 ಗಂಟೆ 1-ಎ ಆಗಿರಲೇಬೇಕು.

ಗೊಂದಲ ಎಲ್ಲಿ ಅಂದರೆ, ಎಂ.ಡಿ.ಗಳ ಕಡೆಯ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಕೂಡ ತನ್ನ ಕ್ರೆಡಿಟ್ಟಿಗೆ 'ಕೆಟಗರಿ 1' ಎಂದೇ ಹೆಸರಿಟ್ಟಿದೆ. ಸರ್ಟಿಫಿಕೇಟಿನ ಮೇಲೆ ದೊಡ್ಡದಾಗಿ ಅಚ್ಚಾಗಿರುತ್ತದೆ. ನಮ್ಮ ಹಿರಿಯ ಡಾಕ್ಟರು ಎರಡು ವರ್ಷ ಹುರುಪಿನಿಂದ ಓಡಾಡಿ ಇಂಥ ಸರ್ಟಿಫಿಕೇಟುಗಳನ್ನು ಒಟ್ಟುಮಾಡಿದ್ದರು. ಸಕ್ಕರೆ ಕಾಯಿಲೆಯ ಸಮಾವೇಶ, ಹೃದಯದ ಸಮಾವೇಶ, ಕಾರಿನಲ್ಲಿ ಕೇಳುವ ಆಡಿಯೋ ಪಾಠ. ಆಗಸ್ಟಿನಲ್ಲಿ ನಾನು ಕೂಡಿಸಿದಾಗ ಒಟ್ಟು 131 ಗಂಟೆ. 1-ಎ ಮಾತ್ರ ಏಳೂವರೆ. ಮಿಕ್ಕಿದ ಅಷ್ಟೂ 'ಕೆಟಗರಿ 1' ಎ.ಓ.ಎ. ಲೆಕ್ಕದಲ್ಲಿ 2-ಎ.

ಹೇಳಿದೆ. ಅರವತ್ತು ದಾಟಿದ ಮನುಷ್ಯ, ಮೂವತ್ತು ವರ್ಷ ಕೈಗುಣ ಇರುವ ಡಾಕ್ಟರು. ಕನ್ನಡಕ ತೆಗೆದು ಕಾಗದ ನೋಡಿದರು, ಹಾಕಿಕೊಂಡು ಇನ್ನೊಮ್ಮೆ ನೋಡಿದರು. ಆಮೇಲೆ ಮೆಲ್ಲಗೆ ಇಂಗ್ಲಿಷಿನಲ್ಲಿ ಒಂದು ಕೆಟ್ಟ ಮಾತು ಬಂತು. ಅದನ್ನು ಇಲ್ಲಿ ಬರೆಯುವುದಿಲ್ಲ.

ನನಗೆ ಆಗ ಸಿಟ್ಟು ಬಂದಿದ್ದು ನಿಯಮದ ಮೇಲೆ. ಹೃದಯ ಎಲ್ಲರದೂ ಎಡಗಡೆಗೇ ಇರುವುದು ಅಲ್ವಾ? ಅದನ್ನು ಯಾವ ಸಂಸ್ಥೆಯ ಹಾಲಿನಲ್ಲಿ ಕೂತು ಕಲಿತರೇನು? ನಮ್ಮ ಚಿಕ್ಕ ಡಾಕ್ಟರಿಗೆ ಹಾಗೇ ಕೇಳಿದೆ. ಅವಳು ಮೈಸೂರಿನವರ ಮಗಳು, ಇಲ್ಲೇ ಹುಟ್ಟಿದವಳು, ಫಿಲಡೆಲ್ಫಿಯಾದ ಆಸ್ಟಿಯೋಪಥಿಕ್ ಕಾಲೇಜಿನಲ್ಲಿ ಓದಿದ ಡಿ.ಓ. ನನ್ನನ್ನು ಆಂಟಿ ಎನ್ನುತ್ತಾಳೆ, ರೋಗಿಗಳ ಮುಂದೆ ಮಾತ್ರ ಮೇಡಂ. ಊಟದ ಡಬ್ಬಿ ಬಿಚ್ಚಿಕೊಂಡು ಒಂದು ಹಳೇ ಕಥೆ ಶುರು ಮಾಡಿದಳು.

ಆಸ್ಟಿಯೋಪಥಿ ಶುರುಮಾಡಿದ ಆಂಡ್ರೂ ಟೇಲರ್ ಸ್ಟಿಲ್ ಎಂಬ ಡಾಕ್ಟರು. 1864ರಲ್ಲಿ ಮೆದುಳಿನ ಜ್ವರಕ್ಕೆ ಅವರ ಮೂರು ಮಕ್ಕಳು ತೀರಿಕೊಂಡರು. ತಾನೇ ಡಾಕ್ಟರಾಗಿದ್ದೂ ಉಳಿಸಿಕೊಳ್ಳಲು ಆಗಲಿಲ್ಲ. ಆಗಿನ ಔಷಧಿಗಳ ಮೇಲೆ ಅವರಿಗೆ ನಂಬಿಕೆ ಹೊರಟುಹೋಯಿತು. ಹತ್ತು ವರ್ಷದ ಮೇಲೆ, 1874ರಲ್ಲಿ, ತನ್ನದೇ ದಾರಿ ಇದು ಎಂದು ಸಾರಿದರು. 1892ರಲ್ಲಿ ಮಿಸೌರಿ ರಾಜ್ಯದ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಕಾಲೇಜು ತೆರೆದರು. ಮೊದಲ ತಂಡದಲ್ಲೇ ಹೆಂಗಸರೂ ಇದ್ದರು. ಎಂ.ಡಿ. ಪದವಿ ಕೊಡುವ ಅಧಿಕಾರ ಇದ್ದರೂ ಬೇಡವೆಂದು ಡಿ.ಓ. ಎಂದೇ ಕೊಟ್ಟರು.

ಎರಡನೇ ಮಹಾಯುದ್ಧದಲ್ಲಿ ಸೈನ್ಯ ಡಿ.ಓ.ಗಳನ್ನು ಡಾಕ್ಟರೆಂದು ತೆಗೆದುಕೊಳ್ಳಲಿಲ್ಲ. ಊರಲ್ಲೇ ಉಳಿದ ಅವರು ಊರಿನವರಿಗೆ ಮದ್ದು ಕೊಟ್ಟರು. ಸೈನ್ಯದ ಬಾಗಿಲು ತೆರೆದಿದ್ದು 1966ರಲ್ಲಿ. ಅದಕ್ಕೆ ಮೊದಲು, 1962ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ದೊಡ್ಡ ಪೆಟ್ಟು. ಅಲ್ಲಿನ ಡಿ.ಓ.ಗಳಿಗೆ 65 ಡಾಲರ್ ಕಟ್ಟಿ ಎಂ.ಡಿ. ಆಗಿ ಎಂದರು. ಸುಮಾರು ಎರಡು ಸಾವಿರ ಮಂದಿ ಆದರು ಕೂಡ. ಲಾಸ್ ಏಂಜಲೀಸ್‌ನ ಡಿ.ಓ. ಕಾಲೇಜು ರಾತ್ರಿ ಬೆಳಗಾಗುವುದರೊಳಗೆ ಎಂ.ಡಿ. ಕಾಲೇಜಾಯಿತು. ಹೊಸ ಡಿ.ಓ.ಗಳಿಗೆ ಆ ರಾಜ್ಯದಲ್ಲಿ ಲೈಸೆನ್ಸೇ ಇಲ್ಲ. ಕೋರ್ಟಿನ ತೀರ್ಪಿನಿಂದ ಅದು ಮತ್ತೆ ಶುರುವಾಗಿದ್ದು 1974ರಲ್ಲಿ.

"ಅರವತ್ತೈದು ಡಾಲರಿಗೆ ಹೆಸರು ಬದಲಾಯಿಸಿದ್ರು ಆಂಟಿ" ಎಂದಳು ಹುಡುಗಿ, ಚಿತ್ರಾನ್ನದ ಕಡಲೆಬೀಜ ಆರಿಸುತ್ತಾ. "ಅದಕ್ಕೇ ಆ ಇಪ್ಪತ್ತು ಗಂಟೆ ಬಿಡಲ್ಲ ಅವರು. ಬಿಟ್ರೆ ನಾವೂ ಎಂ.ಡಿ.ಗಳೂ ಒಂದೇ ಆಗೋಗ್ತೀವಿ."

"ಆದ್ರೆ ಏನು ಕಷ್ಟ?" ಎಂದೆ.

"ನನಗೇನಿಲ್ಲಪ್ಪ" ಎಂದು ನಕ್ಕಳು. "ಮೈಸೂರಲ್ಲಿ ನಮ್ಮಜ್ಜಿ ಇನ್ನೂ ಕೇಳ್ತಾರೆ, ನೀನು ಪೂರ್ತಿ ಡಾಕ್ಟರಾ ಅಂತ."

ಇದರಲ್ಲಿ ಒಂದು ತಮಾಷೆ ಇದೆ. ದಿನಾ ಬೆನ್ನು ಹಿಡಿದು ಸರಿಮಾಡುವ ಹಿರಿಯರಿಗೆ 1-ಎ ಇರಲಿಲ್ಲ. ಕೈವಿದ್ಯೆಯನ್ನು ಅಪರೂಪಕ್ಕೆ ಬಳಸುವ ಹುಡುಗಿ ವರ್ಷದ ಮೊದಲಲ್ಲೇ 22 ಗಂಟೆ ಮುಗಿಸಿ ಕೂತಿದ್ದಳು. ಅದರಲ್ಲಿ ಸ್ವಲ್ಪ ಮನೆಯಲ್ಲೇ ಕೂತು ನೇರ ಆನ್‌ಲೈನಿನಲ್ಲಿ. ಕೋವಿಡ್ ಕಾಲದಿಂದ ಅಂಥದ್ದಕ್ಕೂ ಒಪ್ಪಿಗೆ ಇದೆ. ಹಾಗಾಗಿ ಈ ಇಪ್ಪತ್ತು ಗಂಟೆ ವಿದ್ಯೆ ಕಾಯುತ್ತದೆ ಎಂದು ನನಗೇನೂ ಅನ್ನಿಸುವುದಿಲ್ಲ. ಮನೆತನದ ಮದುವೆಗೆ ಹಾಜರಿ ಹಾಕಿದ ಹಾಗೆ ಅದು. ಹೋಗದಿದ್ದರೆ ಸಂಬಂಧ ಬಿಟ್ಟುಹೋಗುತ್ತದೆ, ಅಷ್ಟೇ.

ಹಿರಿಯರು ಸೆಪ್ಟೆಂಬರಿನಲ್ಲಿ ಒಂದು ಶನಿವಾರ ಭಾನುವಾರ ಹೋಟೆಲಿನಲ್ಲಿ ನಡೆದ ಆಸ್ಟಿಯೋಪಥಿಕ್ ಶಿಬಿರಕ್ಕೆ ಮುಖ ಗಂಟಿಕ್ಕಿಕೊಂಡು ಹೋದರು. ಸೋಮವಾರ ಬಂದವರ ಮುಖವೇ ಬೇರೆ. ಕೈವಿದ್ಯೆಯ ಅಭ್ಯಾಸದಲ್ಲಿ ಡಾಕ್ಟರುಗಳು ಮಂಚದ ಮೇಲೆ ಒಬ್ಬರಾದ ಮೇಲೆ ಒಬ್ಬರು ಮಲಗಿ, ಒಬ್ಬರ ಪಕ್ಕೆಲುಬನ್ನು ಇನ್ನೊಬ್ಬರು ಹಿಡಿದು ನೋಡುತ್ತಾರಂತೆ. "ಮೂವತ್ತು ವರ್ಷದಲ್ಲಿ ನನ್ನ ಬೆನ್ನು ಯಾರೂ ನೋಡಿರಲಿಲ್ಲ" ಎಂದರು. ಜೊತೆಗೆ 13 ಗಂಟೆ ಸಿಕ್ಕಿತ್ತು. ಏಳೂವರೆ, ಹದಿಮೂರು, ಒಟ್ಟು ಇಪ್ಪತ್ತೂವರೆ. ನಾನು ಎರಡು ಸಲ ಕೂಡಿಸಿ ನೋಡಿ ಉಸಿರು ಬಿಟ್ಟೆ.

ನೂರರೊಳಗೆ ಇನ್ನೂ ಸಣ್ಣಪುಟ್ಟ ಕಡ್ಡಾಯಗಳಿವೆ. ರೋಗಿಯ ಸುರಕ್ಷತೆಯ ವಿಷಯಕ್ಕೆ 12 ಗಂಟೆ. ನೋವಿನ ಮಾತ್ರೆ, ಚಟ, ಓಪಿಯಾಯ್ಡ್ (ಅಫೀಮಿನ ಜಾತಿಯ) ಔಷಧಿ ಬರೆಯುವ ಬಗೆಗೆ 2 ಗಂಟೆ. ಇದು ಸಾಲದು ಎಂದು ದಿಲ್ಲಿಯ, ತಪ್ಪಾಯಿತು, ವಾಷಿಂಗ್ಟನ್ನಿನ ಕಾನೂನು ಒಂದು ಬಂತು. 2023ರ ಜೂನ್ 27ರಿಂದ, ನಿಯಂತ್ರಿತ ಔಷಧಿ ಬರೆಯಲು ಕೇಂದ್ರದ ಮಾದಕವಸ್ತು ಇಲಾಖೆ ಕೊಡುವ ಡಿ.ಇ.ಎ. ನಂಬರ್ ಇಟ್ಟುಕೊಳ್ಳಬೇಕಾದರೆ ಚಟದ ಚಿಕಿತ್ಸೆ ಬಗ್ಗೆ ಒಂದೇ ಒಂದು ಸಲ 8 ಗಂಟೆ ತರಬೇತಿ. ಡಾಕ್ಟರುಗಳು ಗೊಣಗಿದರು. ನಾನು ಗೊಣಗಲಿಲ್ಲ. ಮಾತ್ರೆ ಚೀಟಿಗಾಗಿ ಕೌಂಟರಿನಲ್ಲಿ ಅಳುವವರನ್ನು ಮೊದಲು ನೋಡುವವಳು ನಾನು.

ಮಕ್ಕಳ ಮೇಲಿನ ದೌರ್ಜನ್ಯ ಗುರುತಿಸುವುದಕ್ಕೆ ಇನ್ನೊಂದು 2 ಗಂಟೆ ಇದೆ. ಅದರ ಸರ್ಟಿಫಿಕೇಟ್ ಕೈಯಲ್ಲಿದ್ದರೆ ಸಾಲದು. ಪಾಠ ನಡೆಸಿದವರೇ ಅದನ್ನು ರಾಜ್ಯದ ಇಲಾಖೆಗೆ ಕಂಪ್ಯೂಟರಿನಲ್ಲಿ ಕಳಿಸಬೇಕು, ಅದಕ್ಕೆ ಕೆಲವು ದಿನ ಹಿಡಿಯುತ್ತದೆ. ಹಿರಿಯರು ಪಾಠ ಮುಗಿಸಿದ್ದು ಅಕ್ಟೋಬರ್ 20ಕ್ಕೆ. 28ಕ್ಕೂ ಕಾಣಲಿಲ್ಲ. 29ಕ್ಕೂ ಇಲ್ಲ. ಪಾಠದವರಿಗೆ ಫೋನ್ ಮಾಡಿದೆ. ಕಳಿಸಿದ್ದೇವೆ ಎಂದರು. ಇಲಾಖೆಯಲ್ಲಿ ಬಂದಿಲ್ಲ. 30ರ ಸಂಜೆ ಸರ್ಟಿಫಿಕೇಟನ್ನು ದೊಡ್ಡದು ಮಾಡಿ ಅಕ್ಷರ ಅಕ್ಷರ ಓದಿದೆ. ಇಲ್ಲಿನ ಡಿ.ಓ. ಲೈಸೆನ್ಸ್ ನಂಬರು ಇಂಗ್ಲಿಷಿನ ಓ.ಎಸ್. ಎಂಬ ಎರಡು ಅಕ್ಷರದಿಂದ ಶುರುವಾಗುತ್ತದೆ. ಆಸ್ಟಿಯೋಪಥಿಯ ಡಾಕ್ಟರು ಆ 'ಓ' ಜಾಗದಲ್ಲಿ ಸೊನ್ನೆ ಒತ್ತಿದ್ದರು.

ಪಾಠದವರು ಆ ರಾತ್ರಿಯೇ ತಿದ್ದಿ ಕಳಿಸುತ್ತೇವೆ ಎಂದರು. ಅದಕ್ಕೇ ಬೆಳಿಗ್ಗೆ ಎಣ್ಣೆ ತಲೆಯಲ್ಲಿ ಆ ಜಾಗರಣೆ. ನವೆಂಬರ್ 1ರ ಶುಕ್ರವಾರ ಹಿರಿಯರಿಗೆ 19 ರೋಗಿಗಳು ಬರೆಸಿದ್ದರು. ಲೈಸೆನ್ಸ್ ಇಲ್ಲದೆ ಒಬ್ಬರನ್ನೂ ಮುಟ್ಟುವ ಹಾಗಿಲ್ಲ. ಆಮಿಶ್ ಮನೆಗಳಿಗೆ ಬರಬೇಡಿ ಎಂದು ಹೇಳುವುದೂ ಸುಲಭವಲ್ಲ, ಫೋನು ಮನೆಯೊಳಗೆ ಇರುವುದಿಲ್ಲ. ಹೊಲದ ಬದಿಯ ಗೂಡಿನಲ್ಲಿರುವ ಫೋನಿಗೆ ಸಂದೇಶ ಬಿಟ್ಟು ಕಾಯಬೇಕು.

ಒಂಬತ್ತೂ ಹತ್ತಕ್ಕೆ ಹಸಿರು ಗುರುತು ಬಂತು. ಫಾರಂ ಭರ್ತಿ ಮಾಡಿ, ಹಿರಿಯರಿಗೇ ಫೋನ್ ಮಾಡಿ, ನೂರು ಗಂಟೆ ಆಗಿದೆ ಎಂದು ಅವರ ಕೈಲೇ ಒಪ್ಪಿಗೆ ಒತ್ತಿಸಿ, ಹಣ ಕಟ್ಟಿಸಿದೆ. ಈಗ ಯಾರೂ ಸರ್ಟಿಫಿಕೇಟ್ ಕೇಳುವುದಿಲ್ಲ. ಆಮೇಲೆ ಬೋರ್ಡು ಕೆಲವರನ್ನು ಆರಿಸಿ ಲೆಕ್ಕ ಕೇಳುತ್ತದೆ. ಆಗ ಎಲ್ಲ ಕಾಗದ ಇರಬೇಕು. ಅವನ್ನು ಒಂದು ಹಳೇ ಬಿಸ್ಕತ್ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ, ಮೇಲೆ ಕನ್ನಡದಲ್ಲಿ 'ಇಪ್ಪತ್ತು' ಎಂದು ಬರೆದು.

ಸ್ನಾನ ಆಗುವಾಗ ಹತ್ತು ಗಂಟೆ. ಸೂರ್ಯ ಹುಟ್ಟುವ ಮುಂಚೆ ಆಗಬೇಕಿದ್ದ ಎಣ್ಣೆನೀರು ಅದು. ಅಮ್ಮನಿಗೆ ಫೋನ್ ಮಾಡಿದಾಗ ಎಷ್ಟು ಗಂಟೆಗೆ ಮಾಡಿದೆ ಎಂದು ಕೇಳಿದರು. ಸುಮ್ನೆ ಐದೂವರೆ ಎಂದೆ. ಎಣ್ಣೆ ಹಚ್ಚಿಕೊಂಡಿದ್ದು ಐದೂವರೆಗೇ ತಾನೆ. ಸಂಜೆ ಹ್ಯಾಲೋವೀನ್ ಮಕ್ಕಳು ಬಂದರು. ಚಾಕೊಲೇಟ್ ಖಾಲಿಯಾದ ಮೇಲೆ ಬಂದವರಿಗೆ ರವೆ ಉಂಡೆ ಕೊಟ್ಟೆ.

ಮುಂದಿನ ಗಡುವು 2026ರ ಅಕ್ಟೋಬರ್ 31. ಆ ವರ್ಷದ ದೀಪಾವಳಿ ನವೆಂಬರಿನಲ್ಲಿ. ನೋಡಿಟ್ಟಿದ್ದೇನೆ.