ಎಲೆಮೀನು ಕೊನೆಗೂ ಬಾಯಿ ಬಿಟ್ಟಿತು: 43ನೇ ದಿನ

ತಿಂದಿತು! ನನ್ನ ಎಲೆಮೀನು ಫ್ರೀಜರ್‌ನಿಂದ ತೆಗೆದ ಸಿಗಡಿಯನ್ನೇ ತಿಂದಿತು. ನಿನ್ನೆ ರಾತ್ರಿ ಒಂಬತ್ತೂವರೆಗೆ, ಕೋಣೆಯ ದೀಪ ಆರಿಸಿದ ಮೇಲೆ. ಆ ಖುಷಿ ಇನ್ನೂ ಇಳಿದಿಲ್ಲ.

ಟ್ಯಾಂಕ್ ಸೈಕಲ್ ಮಾಡಿದ್ದು (ಮೀನಿನ ಗಲೀಜು ಅರಗಿಸುವ ಬ್ಯಾಕ್ಟೀರಿಯಾ ಬೆಳೆಸಿದ್ದು), ಲೈವ್ ರಾಕ್ (ಸಣ್ಣ ಜೀವಿಗಳಿರುವ ಸಮುದ್ರದ ಕಲ್ಲು) ಜೋಡಿಸಿದ್ದು ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ. ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ 1.025, ಶಾಖ 25 ಡಿಗ್ರಿ. ತಲೆನೋವು ಇದ್ದದ್ದು ಒಂದೇ. ನನ್ನ ಎಲೆಮೀನು, ಅಂದರೆ ಲೀಫ್ ಸ್ಕಾರ್ಪಿಯನ್‌ಫಿಶ್ ಅನ್ನುವ ಸಮುದ್ರದ ಮೀನು, ಸತ್ತ ಆಹಾರ ಮುಟ್ಟುತ್ತಿರಲಿಲ್ಲ.

ಈಗ ಏಳು ಸೆಂಟಿಮೀಟರ್ ಇದೆ, ಬೆಳೆದರೂ ಹತ್ತರ ಆಸುಪಾಸು. ಎರಡು ಕಡೆಯಿಂದ ಅಮುಕಿದ ಹಾಗೆ ತೆಳ್ಳಗೆ, ಬಣ್ಣ ಒಣಗಿದ ಹಲಸಿನ ಎಲೆಯದ್ದು. ನೀರು ಅಲುಗಿದರೆ ತಾನೂ ಎಡಕ್ಕೆ ಬಲಕ್ಕೆ ತೂಗುತ್ತದೆ. ಅಮ್ಮ ಟ್ಯಾಂಕ್ ಮುಂದೆ ಐದು ನಿಮಿಷ ನಿಂತು, “ಮೀನೆಲ್ಲೋ?” ಅಂತ ಕೇಳಿದರು. ಅದು ಅವರ ಮೂಗಿನ ಎದುರಿಗೇ ಇತ್ತು!

ಅಂಗಡಿಯವರು “ಫ್ರೋಜನ್ ತಿನ್ನುತ್ತೆ ಸಾರ್, ಗ್ಯಾರಂಟಿ” ಅಂದಿದ್ದರು. ಇಲ್ಲಿ ನೋಡಿದರೆ ಮೋಲಿ ಅನ್ನುವ ಪುಟ್ಟ ಮೀನಿನ ಜೀವಂತ ಮರಿ ಬಿಟ್ಟರೆ ಮಾತ್ರ ಊಟ. ಫೋನ್ ಮಾಡಿದರೆ, “ನಮ್ಮಲ್ಲಿ ತಿಂತಿತ್ತಲ್ಲ ಸಾರ್.” ಅವರೇ ಕಳಿಸಿದ ಮೈಸಿಸ್ (ಸಿಗಡಿಯಂಥ ಪುಟ್ಟ ಜೀವಿ) ಪ್ಯಾಕೆಟ್ ಕೂಡ ದಾರಿಯಲ್ಲಿ ಕರಗಿ, ಮತ್ತೆ ಹೆಪ್ಪುಗಟ್ಟಿ ಇಟ್ಟಿಗೆಯಾಗಿತ್ತು. ಜೀವ ಇರುವ ಪ್ರಾಣಿ ಮಾರುವವರು ಇಷ್ಟು ಹಗುರವಾಗಿ ಮಾತಾಡಬಾರದು. ಗೋಲ್ಡ್‌ಫಿಶ್ ಹಾಕಿ ಅಂತ ಸಲಹೆ ಬೇರೆ. ಅದರಲ್ಲಿರುವ ಥಯಾಮಿನೇಸ್ ಅನ್ನುವ ಕಿಣ್ವ ಬಿ1 ವಿಟಮಿನ್ ಹಾಳು ಮಾಡುತ್ತದೆ. ದಯವಿಟ್ಟು ಹಾಕಬೇಡಿ.

ಮೊದಲು ಅಕ್ರಿಲಿಕ್ ಕೋಲಿನ ತುದಿಗೆ ಸಿಗಡಿ ಸಿಕ್ಕಿಸಿ ಮುಂದೆ ಹಿಡಿದೆ. ಬೆನ್ನಿನ ಮುಳ್ಳು ನೆಟ್ಟಗೆ ಮಾಡಿಕೊಂಡು ತಿರುಗಿ ಕೂತಿತು. ಆ ಮುಳ್ಳುಗಳಲ್ಲಿ ವಿಷವಿದೆ. ಸ್ಟೋನ್‌ಫಿಶ್‌ನಷ್ಟು ಘೋರವಲ್ಲ, ಆದರೂ ಕೈ ಹಾಕುವ ದಿನ ಬಿಸಿನೀರಿನ ಫ್ಲಾಸ್ಕ್ ಪಕ್ಕದಲ್ಲೇ ಇರುತ್ತದೆ. ಅದು ಪ್ರೋಟೀನ್ ವಿಷ, ಶಾಖಕ್ಕೆ ಕೆಡುತ್ತದೆ. ಚುಚ್ಚಿದರೆ ಚರ್ಮ ಸುಡದಷ್ಟು ಬಿಸಿಯಲ್ಲಿ, 45 ಡಿಗ್ರಿ ಹತ್ತಿರ, ಕೈ ಅದ್ದಬೇಕು. ಆಮೇಲೆ ಡಾಕ್ಟರ್ ಹತ್ತಿರ ಹೋಗಲೇಬೇಕು.

ಮೂರನೇ ವಾರ ಮೈಮೇಲೆ ಬಿಳಿ ಮಸುಕು ಕಂಡಿತು. ರೋಗವೇ ಇರಬೇಕು ಅಂತ ಔಷಧಿ ಬಾಟಲಿ ಕೈಗೆ ತಗೊಂಡಿದ್ದೆ. ಇನ್ನೊಂದು ದಿನ ನೋಡೋಣ ಅಂತ ಬಿಟ್ಟೆ. ಮರುದಿನ ತಲೆಯ ಹತ್ತಿರ ಪೊರೆ ಸೀಳಿತು. ಮೀನು ಒಮ್ಮೆ ಮೈ ಕೊಡವಿತು. ತೆಳು ಪ್ಲಾಸ್ಟಿಕ್ ಹಾಳೆಯಂಥ ಚರ್ಮ ಹಿಂದಕ್ಕೆ ಜಾರಿ ತೇಲಿಹೋಯಿತು. ಹಾವಿನ ಹಾಗೆ ಪೊರೆ ಬಿಡುವ ಮೀನು! ಕೂತಲ್ಲೇ ಕೂರುವುದರಿಂದ ಮೈಮೇಲೆ ಪಾಚಿ ಬೆಳೆಯುತ್ತದೆ, ಅದನ್ನು ಹೀಗೆ ಕಳಚಿಕೊಳ್ಳುತ್ತದೆ. ಪೊರೆ ಬಿಡುವ ಮುಂಚೆ ನನ್ನ ಮೀನು ಮೋಲಿಯನ್ನೂ ತಿನ್ನಲಿಲ್ಲ. ಆ ದಿನಗಳಲ್ಲಿ ನಾನು ಸುಮ್ನೆ ಅದಕ್ಕೆ ಕಾಟ ಕೊಟ್ಟಿದ್ದೆ.

ಆಮೇಲೆ ಒಂದು ವಾರ ಬರೀ ನೋಡುತ್ತಾ ಕೂತೆ. ಸರ್ರನೆ ಓಡುವ ಮೋಲಿಯ ಕಡೆ ಅದಕ್ಕೆ ಗಮನವೇ ಇಲ್ಲ. ನಿಂತಲ್ಲೇ ಬಾಲ ಆಡಿಸುವ ಮೋಲಿ ಮಾತ್ರ ಗುಳುಂ. ಅಂದರೆ ನನ್ನ ಕೋಲು ತೀರಾ ನೆಟ್ಟಗಿತ್ತು, ಅಲ್ವಾ?

ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ಒಂದು ಗೇಣು ತಗೊಂಡು ಕೋಲಿನ ತುದಿಗೆ ಬಿಗಿದೆ. ದಾರದ ಮೊನೆ ಉಜ್ಜಿ ನುಣುಪು ಮಾಡಿದೆ. ಸಿಗಡಿಯ ಬಾಲ ಸಡಿಲವಾಗಿ ಸಿಕ್ಕಿಸಿದೆ, ಬಾಯಿ ಹಾಕಿದರೆ ಕಳಚಿ ಬರುವಷ್ಟೇ. ಗಂಟು ಹಾಕಬೇಡಿ, ದಾರವನ್ನೂ ನುಂಗೀತು. ಕೈ ಅಲುಗಿಸಲಿಲ್ಲ. ವೇವ್‌ಮೇಕರ್ (ಅಲೆ ಎಬ್ಬಿಸುವ ಪಂಪ್) ಅಲುಗಿಸಿದ ನೀರೇ ಸಿಗಡಿಯನ್ನು ತೂಗಿತು. ಮೀನು ಅದೇ ತಾಳಕ್ಕೆ ತೂಗುತ್ತಾ ಎರಡು ಹೆಜ್ಜೆ ಮುಂದೆ ಬಂತು. ಕಣ್ಣು ಮಿಟುಕಿಸುವಷ್ಟರಲ್ಲಿ ದಾರ ಖಾಲಿ.

ಇನ್ನು ಮೋಲಿ ಸಾಕಿದ್ದ ತೊಟ್ಟಿ ಖಾಲಿಯಾಗುತ್ತದೆ. ಅದರಲ್ಲಿ ಹಸಿರು ನೀರು (ಸೂಕ್ಷ್ಮ ಪಾಚಿ) ಬೆಳೆಸಿ ಮರಿಮೀನುಗಳ ಆಹಾರವಾದ ಕೋಪೆಪಾಡ್ ಅನ್ನುವ ಅತಿ ಪುಟ್ಟ ಜೀವಿಗಳನ್ನು ಸಾಕಬೇಕು, ಆಮೇಲೆ ಒಂದು ಜೋಡಿ ಕ್ಲೌನ್‌ಫಿಶ್ ಮರಿ ಮಾಡಿಸಬೇಕು. ಏರ್ ಪಂಪ್ ಆಗಲೇ ತಂದಾಯಿತು.

ಎಲೆಮೀನಿಗೆ ನಾಳಿದ್ದು ಮತ್ತೆ ಸಿಗಡಿ ಕೊಡೋಣ ಅಂತಿದ್ದೆ. ಇವತ್ತು ಬೆಳಿಗ್ಗೆ ನೋಡಿದರೆ ಕಣ್ಣಿನ ಮೇಲೆ ಬಿಳಿ ಮಸುಕು ಬಂದಿದೆ. ಕೋಲು ತೊಳೆದು ಒಣಗಲು ಇಟ್ಟಿದ್ದೇನೆ.