ಗೋಡೆಯ ಎಂಟನೆಯ ಪಟ

ನಮಗೆ ಮನಶ್ಶಾಸ್ತ್ರ ಕಲಿಸಿದ ಮೇಷ್ಟ್ರು ಕಳೆದ ತಿಂಗಳು ತೀರಿಕೊಂಡರೆಂದು ತಿಳಿದಾಗ ನನ್ನ ಕಣ್ಣಿಗೆ ಮೊದಲು ಕಟ್ಟಿದ್ದು ಪ್ರಯೋಗಾಲಯದ ಗೋಡೆಯಲ್ಲಿದ್ದ ಏಳು ಪಟಗಳು. ವುಂಟ್, ಫ್ರಾಯ್ಡ್, ವಿಲಿಯಂ ಜೇಮ್ಸ್ ಮೊದಲಾದ ಗಡ್ಡಧಾರಿ ಮನಶ್ಶಾಸ್ತ್ರಜ್ಞರ ಆ ಸಾಲಿನ ಕೊನೆಗೆ, 1988ರ ಒಂದು ಮಧ್ಯಾಹ್ನ, ಇಲಿಗಳಿಗೆ ಕಾಳು ಹಾಕುತ್ತಿದ್ದ ನಮ್ಮ ಅಟೆಂಡರ್ ‘ಇಲಿಯಣ್ಣ’ನ ಫೋಟೋಗೂ ಕಟ್ಟು ಹಾಕಿಸಿ ತೂಗುಹಾಕಿದೆವು. ಉಪಾಯ ನನ್ನದೇ ಎಂಬುದನ್ನು ಈಗಲಾದರೂ ದಾಖಲಿಸಬೇಕು.

ಮೇಷ್ಟ್ರು ಬೈಯಲಿಲ್ಲ. ಕನ್ನಡಕ ಒರೆಸಿಕೊಂಡು ಎಂಟೂ ಪಟಗಳನ್ನು ನೋಡಿ, “ಇವರಲ್ಲಿ ನಿಮ್ಮ ಬಣ್ಣದವರು ಒಬ್ಬರೇ, ಅವರನ್ನೂ ತಮಾಷೆಗೆ ತಂದಿರಿ” ಎಂದರು. ಪಠ್ಯದಲ್ಲಿಲ್ಲದ ಫ್ರಾನ್ಸಿಸ್ ಸಮ್ನರ್ ಹೆಸರನ್ನು ನಾವು ಕೇಳಿದ್ದು ಅಂದೇ. ಅಮೆರಿಕದ ಕಪ್ಪು ಜನರಲ್ಲಿ ಮನಶ್ಶಾಸ್ತ್ರದ ಡಾಕ್ಟರೇಟ್ ಪಡೆದ ಮೊದಲಿಗರಾದ ಅವರು, 1920ರಲ್ಲಿ ಅದನ್ನು ಪಡೆದದ್ದು ಕ್ಲಾರ್ಕ್ ವಿಶ್ವವಿದ್ಯಾಲಯದಲ್ಲಿ, ಆಫ್ರಿಕದವರನ್ನು ಇನ್ನೂ ಬಲಿಯದ ಜನಾಂಗವೆಂದು ಬರೆದಿದ್ದ ಸ್ಟ್ಯಾನ್ಲಿ ಹಾಲ್ ಅವರ ಮಾರ್ಗದರ್ಶನದಲ್ಲೇ.

ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಸಮ್ನರ್ ಶಿಷ್ಯರಾಗಿದ್ದ ಕೆನೆತ್ ಕ್ಲಾರ್ಕ್ ಮತ್ತು ಪತ್ನಿ ಮೇಮಿ, ಬಣ್ಣವೊಂದನ್ನು ಬಿಟ್ಟು ಎಲ್ಲದರಲ್ಲೂ ಒಂದೇ ತೆರನಾದ ಬೊಂಬೆಗಳನ್ನು ಕಪ್ಪು ಮಕ್ಕಳ ಮುಂದಿಟ್ಟು ಕೇಳಿದ ಪ್ರಶ್ನೆಗಳನ್ನು ವಿವರಿಸಲು, ಮೇಷ್ಟ್ರು ಒಂದು ಬಿಳಿ, ಒಂದು ಕಂದು ಸೀಮೆಸುಣ್ಣವನ್ನು ನನ್ನ ಅಂಗೈಯಲ್ಲಿಟ್ಟರು. “ಒಳ್ಳೆಯದು ಯಾವುದು?” ನಾನು ನಗುತ್ತ ಬಿಳಿಯದನ್ನು ಎತ್ತಿದೆ. “ನಿನ್ನ ಹಾಗಿರುವುದು?” ನಗು ನಿಂತಿತು. ಆ ಪ್ರಶ್ನೆಗೆ ಕೆಲವು ಮಕ್ಕಳು ಅತ್ತುಬಿಟ್ಟಿದ್ದರಂತೆ. ಶಾಲೆಗಳಲ್ಲಿ ಬಣ್ಣದ ಭೇದ ಸಲ್ಲದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲಿ ಕೊಟ್ಟ ತೀರ್ಪಿನ ಒಂದು ಅಡಿಟಿಪ್ಪಣಿಯಲ್ಲಿ ಕ್ಲಾರ್ಕ್ ಅವರ ಬರಹದ ಉಲ್ಲೇಖವಿದೆ.

ಇಂದಿನ ವಿದ್ಯಾರ್ಥಿಗಳಿಗೆ ಇದೆಲ್ಲ ನಾಲ್ಕು ಆಯ್ಕೆಗಳ ಒಂದು ಪ್ರಶ್ನೆ; ಇಸವಿಗೆ ಗುರುತು ಹಾಕಿದರೆ ಒಂದು ಅಂಕ. ನಾನು ಅಂತಿಮ ವರ್ಷದಲ್ಲಿ ಕಾಲೇಜಿಗೇ ಮೊದಲಿಗನಾಗಿ ತೇರ್ಗಡೆಯಾದವನು. ಆದರೂ ಅಂದಿನ ಪಠ್ಯಕ್ರಮದ ಒಂದು ಅಧ್ಯಾಯವೂ ಈಗ ನೆನಪಿಲ್ಲ.

ಗಂಟೆ ಹೊಡೆದ ಮೇಲೆ ನಾನು ಸ್ಟೂಲು ಹತ್ತಿ ಎಂಟನೆಯ ಪಟಕ್ಕೆ ಕೈಹಾಕಿದೆ. “ತೆಗೆಯಬೇಡ, ಉಳಿದವರಿಗೆ ಇರುವ ಹಾಗೆ ಕೆಳಗೆ ಪೂರ್ತಿ ಹೆಸರು ಬರೆ” ಎಂದರು ಮೇಷ್ಟ್ರು. ಎರಡು ವರ್ಷ ಅವರನ್ನು ‘ಇಲಿಯಣ್ಣ’ ಎಂದೇ ಕೂಗಿದ್ದ ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೊನೆಗೆ ಹೆಸರು ಕೇಳಿಕೊಂಡು ಬರಲು ನಾನೇ ಇಲಿಗಳ ಕೋಣೆಗೆ ಹೋದೆ.